ಮೀನಿಲ್ಲ, ದಾಶಿ ಮಾತ್ರ

ಅಂಗಡಿಯ ಹುಡುಗಿ ವಿನಯದಿಂದ ತಲೆಬಾಗಿಸಿ, "ಇದರಲ್ಲಿ ಮೀನಿಲ್ಲ, ದಾಶಿ ಮಾತ್ರ ಇದೆ" ಎಂದಾಗಲೇ ನನ್ನ ಸಂಜೆ ಕೆಟ್ಟಿತು; ದಾಶಿ ಎಂದರೆ ಒಣಮೀನಿನ ತಿಳಿಸಾರು. ಮೈಸೂರಿನಿಂದ ಸಸ್ಯಾಹಾರಿಗಳಾದ ಅಪ್ಪ, ಅಮ್ಮ ಮತ್ತು ಸೋದರಮಾವ ನಿಶಿ-ಕಸಾಯಿಯ ನಮ್ಮ ಮನೆಗೆ ಬಂದು ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ಸಾರು, ಹುಳಿ, ಪಲ್ಯಗಳನ್ನೇ ಉಂಡ ಮಾವ, "ಟೋಕಿಯೊವರೆಗೆ ಬಂದು ಇಲ್ಲಿಯ ಊಟ ಮಾಡದೆ ಹೋದರೆ ಊರಿನಲ್ಲಿ ಏನು ಹೇಳಲಿ? ಏನಾದರೂ ಸಿಂಪಲ್ಲಾಗಿ ಮಾಡಪ್ಪ" ಎಂದು ಅಪ್ಪಣೆ ಕೊಟ್ಟಿದ್ದರು. ಸಿಂಪಲ್ಲಾಗಿ ಮಾಡು ಎನ್ನುವವರು ಜನ್ಮದಲ್ಲಿ ಒಲೆ ಹಚ್ಚಿದವರಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. "ನಿಮ್ಮ ಮಾವ, ನಿಮ್ಮ ಅಡುಗೆ" ಎಂದು ಹೆಂಡತಿ ಮೊದಲೇ ಕೈತೊಳೆದುಕೊಂಡಿದ್ದಳು.

ಬಜ್ಜಿಯ ದೂರದ ನೆಂಟನಂತಿರುವ ತೆಂಪುರಾ ಸುಲಭವೆಂದುಕೊಂಡೆ. ಹಿಟ್ಟಿಗೆ ಮೊಟ್ಟೆ, ಅದ್ದಿಕೊಳ್ಳುವ ರಸಕ್ಕೆ ದಾಶಿ. ಸೋಬಾ ಶಾವಿಗೆಯ ರಸಕ್ಕೂ ದಾಶಿ, ಇನಾರಿ ಸುಶಿಯ ತೋಫು ಚೀಲ ಬೇಯುವುದೂ ದಾಶಿಯಲ್ಲಿಯೇ. ಕೊನೆಗೆ ನಮ್ಮ ದೇಶದಿಂದ ಬ್ರಿಟಿಷರ ಮೂಲಕ ಇಲ್ಲಿಗೆ ತಲುಪಿದ ಕರಿಯಾದರೂ ಕಾಪಾಡೀತೆಂದು ಅದರ ಮಸಾಲೆ ಬಿಲ್ಲೆಯ ಡಬ್ಬಿಯನ್ನು ತಿರುವಿದರೆ ಅಲ್ಲಿ ಹಂದಿಯ ಕೊಬ್ಬು.

ಈ ದಾಶಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಕತ್ಸುಓ ಎಂಬ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವಂತೆ ಒಣಗಿಸಿ, ಬಡಗಿಯ ಉಜ್ಜುಗೊರಡಿನಂಥದರಲ್ಲಿ ಹೆರೆದು ನೀರಿಗೆ ಹಾಕಿ ಸೋಸಿದ ಮೇಲೆ ಅದು ಮೀನೇ ಅಲ್ಲವೆಂದು ಒಂದು ದೇಶಕ್ಕೆ ದೇಶವೇ ಪ್ರಾಮಾಣಿಕವಾಗಿ ನಂಬಿಕೊಂಡಿದೆ. ನನ್ನ ಜಪಾನಿ ಅಕ್ಷರಾಭ್ಯಾಸ ಶುರುವಾದದ್ದೂ ಈ ಮೀನಿನಿಂದಲೇ. ಎಡಕ್ಕೆ ಮೀನಿನ ಗುರುತು, ಬಲಕ್ಕೆ ಗಟ್ಟಿ ಎಂಬ ಅರ್ಥದ ಗುರುತು ಸೇರಿದ ಆ ಅಕ್ಷರವನ್ನು ನಾನು ಗೆಳೆಯರ ಹೆಸರು ಬರೆಯುವುದಕ್ಕೂ ಮೊದಲು ಕಲಿತೆ. ಕಲಿತು ಬೀಗುವಷ್ಟರಲ್ಲಿ ಅದೇ ಮೀನು ಹಿರಗಾನದಲ್ಲೊಮ್ಮೆ, ಕತಕಾನದಲ್ಲೊಮ್ಮೆ ವೇಷ ಬದಲಿಸಿಕೊಂಡು ಬರುವುದು ತಿಳಿಯಿತು. ಮೂರು ಲಿಪಿಗಳಲ್ಲಿ ಒಂದೇ ಮೀನನ್ನು ಹುಡುಕುತ್ತ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಡಬ್ಬಿಗಳ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೇನೆ. ಮೂರನೆಯ ತರಗತಿಯ ನನ್ನ ಮಗಳು ಎರಡು ನಿಮಿಷದಲ್ಲಿ ಓದಿ, "ಇದೂ ಬೇಡ ಅಪ್ಪ" ಎನ್ನುತ್ತಾಳೆ.

ಉಳಿದ ದಾರಿ ಕಡಲಪಾಚಿ. "ಕೊಂಬು ನೆನೆಹಾಕಿ ಸಾರು ಮಾಡುತ್ತೇನೆ" ಎಂದಾಗ ಅಮ್ಮ ಗಾಬರಿಯಿಂದ, "ಯಾವ ಪ್ರಾಣಿಯದೋ?" ಎಂದರು. ಅದು ಸಮುದ್ರದ ಎಲೆ, 1908ರಲ್ಲಿ ಇಕೆದಾ ಕಿಕುನಾಯೆ ಎಂಬ ಪ್ರೊಫೆಸರು ಇದೇ ಟೋಕಿಯೊದಲ್ಲಿ ಅದರಿಂದಲೇ ಉಮಾಮಿ ರುಚಿಯ ಮೂಲವನ್ನು ಬೇರ್ಪಡಿಸಿದರು ಎಂದು ವಿವರಿಸಿದೆ. ಮರುವರ್ಷ ಅದೇ ಅಜಿನೊಮೊಟೊ ಆಗಿ ಮಾರುಕಟ್ಟೆಗೆ ಬಂದದ್ದನ್ನು ಮಾತ್ರ ನುಂಗಿಕೊಂಡೆ. ಗಾಡಿಯ ಗೋಬಿ ಮಂಚೂರಿ ತಿಂದದ್ದಕ್ಕೆ, "ಅದರಲ್ಲಿ ಟೇಸ್ಟಿಂಗ್ ಪೌಡರ್ ಹಾಕುತ್ತಾರೆ" ಎಂದು ನನ್ನ ಬೆನ್ನಿಗೆ ಬಾರಿಸಿದ ಕೈ ಅಮ್ಮನದು.

ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ಇಲ್ಲವೆಂದು ಕೇಳಿ ಅಪ್ಪ ಮೆಚ್ಚಿ ತಲೆದೂಗಿದರು. ಆ ಸಾರಿಗೆ ಒಣ ಅಣಬೆ ಸೇರುತ್ತದೆಂದೊಡನೆ ತಲೆ ನಿಂತಿತು. ಅಂತೂ ಕೊಂಬಿನ ಮಿಸೊ ಸಾರು, ಎಳ್ಳು ಅರೆದು ಕಲಸಿದ ಪಾಲಕ್, ಸಿಹಿ ಮಿಸೊ ಸವರಿದ ಬದನೆಕಾಯಿ, ವಿನೆಗರ್ ಹಾಕಿದ ಸೌತೆಕಾಯಿ ಎಂದು ತೀರ್ಮಾನವಾಯಿತು. ಎಲ್ಲರೂ ಉಂಡರು. ಮಾವ ಎರಡು ತುತ್ತಿಗೆ, "ಚೆನ್ನಾಗಿದೆ, ಆರೋಗ್ಯಕ್ಕೆ ಒಳ್ಳೆಯದು" ಎಂದರು. ಅಡುಗೆಯನ್ನು ಇದಕ್ಕಿಂತ ಕೆಟ್ಟದಾಗಿ ಹೀಗಳೆಯುವುದು ಸಾಧ್ಯವಿಲ್ಲ. ಆಮೇಲೆ ಮೊಸರು ಕೇಳಿದರು.

ಮರುದಿನ ಬೆಳಗ್ಗೆ ವಾಕಿಂಗ್ ಹೋಗಿದ್ದ ಅವರು ಮೂಲೆಯಂಗಡಿಯಿಂದ ತಾವೇ ಒನಿಗಿರಿ ಆರಿಸಿ ತಂದು, ಬಾಗಿಲಿನಲ್ಲಿ ನಿಂತೇ ತಿಂದು ಮುಗಿಸುತ್ತಿದ್ದರು. "ಅನ್ನದ ಉಂಡೆ, ಒಳಗೆ ಉಪ್ಪಿನಕಾಯಿಯಂಥದು. ಇಷ್ಟು ರುಚಿಯಾದದ್ದು ಇರುವಾಗ ನೀನೇಕೆ ರಾತ್ರಿಯೆಲ್ಲ ಒದ್ದಾಡಿದೆ?" ಎಂದರು. ಮೇಜಿನ ಮೇಲೆ ಮಗುಚಿ ಬಿದ್ದಿದ್ದ ಹೊದಿಕೆಯನ್ನು ಓದಲು ಮಗಳು ಕೈಚಾಚಿದಳು. ತಾತನಿಗೆ ನೀರು ತಂದುಕೊಡು ಎಂದು ಅವಳನ್ನು ಒಳಗೆ ಕಳುಹಿಸಿ, ಅದನ್ನು ತಿರುವಿ ನೋಡದೆ ಪ್ಲಾಸ್ಟಿಕ್ಕಿನ ಬುಟ್ಟಿಗೆ ಹಾಕಿದೆ.