ಅಗ್ರಹಾರ ಸೇರಿದವರು

ಮೊನ್ನೆ ಆಟೋದವನಿಗೆ "ಪರಪ್ಪನ ಅಗ್ರಹಾರ" ಅಂದೆ. ಮೀಟರಿಗೆ ಹೋದ ಕೈ ಅಲ್ಲೇ ನಿಂತಿತು. ಕನ್ನಡಿಯಲ್ಲಿ ನನ್ನ ಮುಖ ನೋಡಿ, ದನಿ ತಗ್ಗಿಸಿ, "ಯಾರನ್ನ ನೋಡೋಕೆ ಸಾರ್?" ಅಂದ. ಭಾವನ ಮನೆ ಗೃಹಪ್ರವೇಶ ಅಂದರೆ ನಂಬಬೇಕಲ್ಲ! "ಇರ್ಲಿ ಬಿಡಿ, ಬೇಲ್ ಆಗತ್ತೆ" ಎಂದು ಸಮಾಧಾನ ಬೇರೆ.

ಅಗ್ರಹಾರ ಅಂದರೆ ವೇದಶಾಸ್ತ್ರ ಓದಿದ ಬ್ರಾಹ್ಮಣರಿಗೆ ರಾಜರು ದಾನ ಬಿಟ್ಟ ಊರು. ಶಾಸನದ ಮಾತಿನಲ್ಲಿ 'ಸರ್ವಮಾನ್ಯ', ಅಂದರೆ ತೆರಿಗೆಯಿಲ್ಲ. ಅದೂ 'ಆಚಂದ್ರಾರ್ಕ', ಸೂರ್ಯಚಂದ್ರರಿರುವವರೆಗೆ. ಜೈಲು ಬಂದು ಹೆಸರು ಕೆಟ್ಟಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಊಟ, ವಸತಿ, ಕಾವಲು ಈಗಲೂ ಆಳುವವರದ್ದೇ, ಕಂದಾಯ ಈಗಲೂ ಇಲ್ಲ. ಆಚಂದ್ರಾರ್ಕ ಹೋಗಿ ಜಾಮೀನು ಸಿಗುವವರೆಗೆ ಅಂತಾಗಿದೆ, ಅಷ್ಟೇ.

ಬೀದಿಯ ಎರಡು ಬದಿಗೂ ಹಾರದ ಹಾಗೆ ಮನೆಗಳಿದ್ದವು, ಅದಕ್ಕೇ ಅಗ್ರಹಾರ ಅಂತ ಒಂದು ವಿವರಣೆ ಚಾಲ್ತಿಯಲ್ಲಿದೆ. ಹಾರಕ್ಕೆ ಇವತ್ತಿಗೂ ಬರವಿಲ್ಲ. ಹೊರಬಂದ ಮುಖಂಡರಿಗೆ ಕ್ರೇನಿನಲ್ಲಿ ತೂಗುಬಿಟ್ಟ ಸೇಬಿನ ಹಾರ. ಹಾಕಿ ಮುಗಿಯುವುದರೊಳಗೆ ಅರ್ಧ ಸೇಬು ಅಭಿಮಾನಿಗಳ ಜೇಬಿನಲ್ಲಿ.

ವೇದಘೋಷದ ಗುತ್ತಿಗೆ ಟೀವಿಯವರದು. ದೊಡ್ಡವರು ಒಳಹೊಕ್ಕ ಮರುದಿನ ಬೆಳಗ್ಗೆಯೇ ಸುಪ್ರಭಾತ: ರಾತ್ರಿಯೆಲ್ಲ ಹೊರಳಾಟ, ಮುದ್ದೆ ಮುಟ್ಟಲಿಲ್ಲ, ಸೊಳ್ಳೆ ಕಚ್ಚಿತು. ತಿಂಡಿಗೆ ಉಪ್ಪಿಟ್ಟೋ ಪಲಾವೋ ಎಂಬುದರ ಮೇಲೆ ಅರ್ಧ ಗಂಟೆ ಭಾಷ್ಯ.

ದಾನಶಾಸನಗಳ ಕೊನೆಗೊಂದು ಶಾಪ ಇರುತ್ತಿತ್ತು. ತಾನು ಕೊಟ್ಟದ್ದಿರಲಿ, ಪರರು ಕೊಟ್ಟದ್ದಿರಲಿ, ದಾನದ ಭೂಮಿ ಕಸಿದವನು 60,000 ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ಈಗ ಡಿನೋಟಿಫಿಕೇಷನ್, ಕೆರೆ ಒತ್ತುವರಿ ಮಾಡಿದವರಿಗೆ ಅಷ್ಟೆಲ್ಲ ಇಲ್ಲ. ಸಿಕ್ಕಿಬಿದ್ದರೆ ಕೆಲವು ವಾರ ಅಗ್ರಹಾರವಾಸ. ಎದೆನೋವು ಬಂದರೆ ಅದೂ ಇಲ್ಲ, ಆಸ್ಪತ್ರೆ.

ಅಂದಹಾಗೆ, ಶೇಷಾದ್ರಿ ರಸ್ತೆಯ ಹಳೇ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಬೆಂಗಳೂರಲ್ಲಿ ಧಿಕ್ಕಾರ ಕೂಗುವುದಿದ್ದರೆ ಈಗ ಅದರ ಕಾಂಪೌಂಡಿನೊಳಗೇ ಕೂಗಬೇಕು.

ಭಾವನ ಆಮಂತ್ರಣ ಪತ್ರಿಕೆಯಲ್ಲಿ ಅಗ್ರಹಾರದ ಸುದ್ದಿಯೇ ಇರಲಿಲ್ಲ. 'ಎಲೆಕ್ಟ್ರಾನಿಕ್ ಸಿಟಿ ಸಮೀಪ' ಅಂತಿತ್ತು. "ಆ ಹೆಸರು ಹಾಕಿಸಿದ್ರೆ ಬೀಗರು ಬರ್ತಾರೇನೋ?" ಅಂತ ಅವರ ವಾದ.

ನನಗಂತೂ ಆ ಹೆಸರಿನಿಂದ ಲಾಭವೇ ಆಯಿತು. ಇಳಿಯುವಾಗ ಆಟೋದವನು ಮೀಟರಿನಷ್ಟೇ ತೆಗೆದುಕೊಂಡ. ಆಶ್ಚರ್ಯದಿಂದ ನೋಡಿದೆ. "ಒಳಗಿರೋರ ಮನೆಯೋರ ಹತ್ರ ಇಪ್ಪತ್ತು ಜಾಸ್ತಿ ಹೆಂಗ್ ಕೇಳೋದು ಸಾರ್?" ಅಂದ.