ವೀಳ್ಯದೆಲೆ ಅಜ್ಜನ ಬೈಗುಳ
ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಬಳಿ ವೀಳ್ಯದೆಲೆ ಮಾರುತ್ತಿದ್ದ ಅಜ್ಜನಿಗೆ ವ್ಯಾಪಾರವೇ ಗೊತ್ತಿರಲಿಲ್ಲ, ಗಿರಾಕಿಗಳನ್ನು ಬೈದು ಓಡಿಸುತ್ತಿದ್ದರು ಎಂದು ಅವರ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಅವರು ಬೈಯುತ್ತಿದ್ದುದು ಎಲೆಯನ್ನು ಹಿಸುಕಿ ನೋಡುವವರನ್ನು ಮಾತ್ರ. ಮೈಸೂರು ಚಿಗುರೆಲೆ ಎಂಬ ಈ ವೀಳ್ಯದೆಲೆ ಅಷ್ಟು ಮೃದು; ಹಿಸುಕಿದ ಕಡೆ ಕಪ್ಪಾಗುತ್ತದೆ, ಒಂದು ಕೊಳೆತರೆ ಕಟ್ಟೆಲ್ಲ ಕೆಡುತ್ತದೆ. ಒದ್ದೆ ಗೋಣಿ ಹೊದಿಸಿ, ನೀರು ಚಿಮುಕಿಸುತ್ತಾ ಎಲೆಗಳೊಡನೆ ಮಾತನಾಡುತ್ತಿದ್ದರು, ಅದು ನಿಜ. ನಮ್ಮ ತಾಯಿಯೂ ಬೈಸಿಕೊಂಡವರೇ. ಆದರೂ ಗೌರಿ ಹಬ್ಬಕ್ಕೆ ದೇವರಾಜ ಮಾರುಕಟ್ಟೆಯ ಅಂಗಡಿಗಳನ್ನೆಲ್ಲ ಬಿಟ್ಟು ಅವರ ಬಳಿಗೇ ಹೋಗುತ್ತಿದ್ದರು. ಬೀದಿಬದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾಯ್ದೆ ಬಂದದ್ದು 2014ರಲ್ಲಿ. ಅದಕ್ಕೂ ಮೊದಲು, ಬುಟ್ಟಿಯನ್ನು ಅಲ್ಲಿಂದ ತೆರವು ಮಾಡಿಸಲು ಬಂದವರ ಎದುರು ಅವರು ಹಾಡಿ ಕುಣಿಯುತ್ತಿದ್ದುದನ್ನೂ ಲೇಖಕರು ವಿಚಿತ್ರ ಸ್ವಭಾವದ ಲೆಕ್ಕಕ್ಕೆ ಸೇರಿಸಿದ್ದು ಸರಿಯಲ್ಲ. ಜನ ಸೇರಿದರೆ ಬುಟ್ಟಿ ಉಳಿಯುತ್ತಿತ್ತು, ಅಷ್ಟೇ.