ಮುಂದಿನ ಶಾಕಿಗೆ ದಪ್ಪ ಆಯಿಲ್ ಸುರಿಯುವ ಮೊದಲು

ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆ ಬೈಕಿನ ಮುಂದಿನ ಶಾಕ್ ಮೆತ್ತಗಾಯಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ದಪ್ಪ ಆಯಿಲ್ ಹಾಕು. ಧೈರ್ಯ ಜಾಸ್ತಿ ಇದ್ದವರು ಉಳಿದ ಇಂಜಿನ್ ಆಯಿಲನ್ನೇ ಸುರಿಯುತ್ತಾರೆ. ನನಗಂತೂ ಇದು ಒಪ್ಪಿಗೆ ಇಲ್ಲ.

ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದ ಆ ಎರಡು ಶಾಕ್ ಕಾಲುಗಳು. ಅದರೊಳಗೆ ಭಾರ ಹೊರುವುದು ಸ್ಪ್ರಿಂಗ್. ಅದು ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಹಿಗ್ಗಬೇಕು ಅಂತ ಹಿಡಿತದಲ್ಲಿಡುವುದು ಆಯಿಲ್. ಸ್ಪ್ರಿಂಗ್ ಸೋತಿದ್ದರೆ ಆಯಿಲ್ ದಪ್ಪ ಮಾಡಿ ಏನು ಬಂತು? ಬ್ರೇಕ್ ಹಿಡಿದಾಗ ಮೂತಿ ನಿಧಾನ ತಗ್ಗುತ್ತದೆ, ಹಾಗಾಗಿ ಸರಿಯಾಯಿತು ಅನಿಸುತ್ತದೆ ಅಷ್ಟೇ. ಹೆದ್ದಾರಿಯಲ್ಲಿ ನಡೆದೀತು. ಆದರೆ ನಾವು ಓಡಿಸುವುದು ಮಳೆಗೆ ಕೊಚ್ಚಿಹೋಗಿ ಮುರಕಲ್ಲು ಎದ್ದ ತೋಟದ ದಾರಿಯಲ್ಲಿ ಅಲ್ವಾ? ಅಲ್ಲಿ ಹೊಂಡದ ಹಿಂದೆ ಹೊಂಡ. ದಪ್ಪ ಆಯಿಲಿನಲ್ಲಿ ಫೋರ್ಕ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಹೊಂಡ ಬಂದಿರುತ್ತದೆ. ನಾಲ್ಕು ಹೊಂಡ ದಾಟುವಷ್ಟರಲ್ಲಿ ಕುಗ್ಗಲು ಜಾಗವೇ ಉಳಿಯುವುದಿಲ್ಲ. ಪೆಟ್ಟು ನೇರ ಮಣಿಕಟ್ಟಿಗೆ.

ಮೊದಲು ಅಳತೆ ಮಾಡಿ. ಖರ್ಚಿಲ್ಲದ ಕೆಲಸ. ಒಳಗಿನ ಹೊಳೆಯುವ ಕೊಳವೆಗೆ ಒಂದು ಜಿಪ್ ಟೈ ಕಟ್ಟಿ. ಮುಂದಿನ ಚಕ್ರ ನೆಲ ಬಿಟ್ಟಾಗ ಕೊಳವೆ ಎಷ್ಟು ಕಾಣುತ್ತದೆ, ನೀವು ಕೂತಾಗ ಎಷ್ಟು ಕಾಣುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಆ ವ್ಯತ್ಯಾಸಕ್ಕೇ ಸ್ಯಾಗ್ ಅನ್ನುವುದು. ಒಟ್ಟು ಓಟ (ಪೂರ್ತಿ ಕುಗ್ಗುವ ದೂರ) 130 ಮಿ.ಮೀ. ಇರುವ ಫೋರ್ಕಿಗೆ 35ರಿಂದ 40 ಮಿ.ಮೀ. ಇದ್ದರೆ ಚಿಂತೆ ಇಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಸ್ಪ್ರಿಂಗಿನ ಮೇಲೆ ಪಿವಿಸಿ ಪೈಪಿನ ತುಂಡು ಇಡಬಹುದು. ಇದರಿಂದ ಬೈಕಿನ ಮೂತಿ ಎತ್ತರ ನಿಲ್ಲುತ್ತದೆ, ಸ್ಪ್ರಿಂಗ್ ಮಾತ್ರ ಗಟ್ಟಿಯಾಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಪೈಪ್ ಉದ್ದ ಮಾಡುತ್ತಾ ಹೋಗುವವರೇ ಜಾಸ್ತಿ. ಎದುರುಗಡೆ ಅಡಿಕೆ ಚೀಲ ಇಟ್ಟು ಓಡಿಸುವವರಿಗೆ ಬೇಕಾದದ್ದು ಗಟ್ಟಿ ಸ್ಪ್ರಿಂಗೇ.

ಆಯಿಲ್ ಮನೆಯಲ್ಲೇ ಬದಲಿಸಬಹುದು. ಮೇಲಿನ ಬೋಲ್ಟಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಕೊನೆಯ ಸುತ್ತಿಗೆ ಅದು ಚಿಮ್ಮುತ್ತದೆ. ಮುಖ ಆ ಕಡೆ ಇಡಬೇಡಿ. ಬ್ರೇಕ್ ಕ್ಯಾಲಿಪರನ್ನು (ಡಿಸ್ಕ್ ಹಿಡಿಯುವ ಭಾಗ) ಅದರ ಬ್ರೇಕ್ ಪೈಪಿಗೆ ನೇತುಬಿಡಬೇಡಿ, ಹಗ್ಗದಲ್ಲಿ ಕಟ್ಟಿ. ಆಯಿಲಿನ ದಪ್ಪ ಮತ್ತು ಮಟ್ಟ ಎರಡೂ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. ಮಟ್ಟ ಅಳೆಯುವುದು ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಕುಗ್ಗಿಸಿ, ನಿಧಾನ ಪಂಪ್ ಮಾಡಿ ಗಾಳಿ ಬಿಟ್ಟ ಮೇಲೆ. ಫೋರ್ಕಿನ ಎರಡೂ ಕಾಲಿನಲ್ಲಿ ಮಟ್ಟ ಒಂದೇ ಇರಬೇಕು. ಇರಲಿ ಅಂತ ಸ್ವಲ್ಪ ಜಾಸ್ತಿ ಸುರಿದರೆ ಒಳಗಿನ ಗಾಳಿಗೆ ಜಾಗ ಸಾಲದೆ, ಆಯಿಲ್ ಹೊರಬಾರದಂತೆ ತಡೆಯುವ ಸೀಲ್ ಹಾರುತ್ತದೆ. ಫೋರ್ಕಿನೊಳಗೆ ಆಯಿಲ್ ಹಾದುಹೋಗುವ ತೂತುಗಳಿರುವ ಡ್ಯಾಂಪರ್ ರಾಡಿಗೆ ಡ್ರಿಲ್ ಹಾಕಿ ತೂತು ದೊಡ್ಡ ಮಾಡುವ ಆಟ ಮಾತ್ರ ಬೇಡ. ತೂತು ದೊಡ್ಡದಾದರೆ ವಾಪಸ್ ಸಣ್ಣ ಮಾಡಲು ಆಗುವುದಿಲ್ಲ.

ಇಡೀ ಫೋರ್ಕನ್ನೇ ಬದಲಿಸಿ ದೊಡ್ಡ ಬೈಕಿನದ್ದು ಕೂರಿಸುವ ಆಸೆ ಇದ್ದವರು ವಾಹನದ ಮೂಲ ರೂಪ ಬದಲಿಸುವ ಬಗ್ಗೆ ಇರುವ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ.

ಇನ್ನು ಸೀಲ್ ಸೋರಿದ ಕೂಡಲೇ ಹೊಸದು ತರಲು ಪುತ್ತೂರಿಗೋ ಮಂಗಳೂರಿಗೋ ಓಡಬೇಡಿ. ನಮ್ಮಲ್ಲಿ ಅರ್ಧ ಸೋರಿಕೆ ಕೆಂಪು ಮಣ್ಣಿನದ್ದು. ಧೂಳಿನ ಸೀಲನ್ನು ಮೇಲೆತ್ತಿ, ಹಳೆಯ ಕ್ಯಾಮೆರಾ ಫಿಲ್ಮಿನ ತುಂಡನ್ನು ಒಳಸೀಲಿನ ಅಂಚಿಗೆ ನುಗ್ಗಿಸಿ ಸುತ್ತ ಎಳೆಯಿರಿ. ಮಣ್ಣು ಹೊರಗೆ ಬರುತ್ತದೆ. ಕೊಳವೆ ಒರೆಸಿ, ಪಂಪ್ ಮಾಡಿ ನೋಡಿ. ಆಮೇಲೂ ಎಣ್ಣೆಯ ಬಳೆ ಕಂಡರೆ ಸೀಲ್ ಬದಲಿಸಿ, ಎರಡೂ ಕಡೆಯದ್ದು. ಜೊತೆಗೆ ಕೊಳವೆ ಮುಚ್ಚುವ ರಬ್ಬರ್ ಗೈಟರ್ ಹಾಕಿಸಿ. ಮಳೆಗಾಲದ ಕೆಸರು ಸೀಲಿನವರೆಗೆ ಹೋಗುವುದಿಲ್ಲ.